ಚಳಿಗಾಲದಲ್ಲಿ ಹೆಣ್ಣು ಕುದುರೆಗೆ ದೀಪ ಹಚ್ಚಬೇಕೇ?

ಪರ

ಕುದುರೆ ಫಾರಂಗೆ ಹೆಸರಾದ ಕುಣಿಗಲ್‌ನಲ್ಲಿ ಡಿಸೆಂಬರ್ ಹಗಲು 11 ಗಂಟೆಗೂ ಜಾಸ್ತಿ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಬರೀ ಏಳೂವರೆ. ಸಂಜೆ ನಾಲ್ಕು ದಾಟಿತೆಂದರೆ ಅಲ್ಲಿ ಕತ್ತಲು. ಅಷ್ಟುದ್ದದ ರಾತ್ರಿಗಳಲ್ಲಿ ಹೆಣ್ಣು ಕುದುರೆಯ ಮಿದುಳಿನ ಪಿನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಕತ್ತಲಿನ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಅಂಡಾಶಯ ಸುಮ್ನೆ ಮಲಗಿರುತ್ತದೆ. ಹಗಲು ಉದ್ದವಾದ ಮೇಲೇ ಕುದುರೆ ಬೆದೆಗೆ ಬರುವುದು.

ಪಂದ್ಯದ ಕುದುರೆ ಸಾಕುವವರು ಅಲ್ಲಿಯವರೆಗೆ ಕಾಯುವುದು ಹೇಗೆ? ಉತ್ತರ ಗೋಳಾರ್ಧದಲ್ಲಿ ಥರೋಬ್ರೆಡ್ ಎಂಬ ಪಂದ್ಯದ ತಳಿಯ ಕುದುರೆಗಳಿಗೆಲ್ಲ ಒಂದೇ ಹುಟ್ಟುಹಬ್ಬ, ಜನವರಿ 1. ಫೆಬ್ರುವರಿಯಲ್ಲಿ ಹುಟ್ಟಿದ್ದಕ್ಕೂ ಮೇನಲ್ಲಿ ಹುಟ್ಟಿದ್ದಕ್ಕೂ ಲೆಕ್ಕದಲ್ಲಿ ಒಂದೇ ವಯಸ್ಸು. ಎರಡು ವರ್ಷದವುಗಳ ಓಟದಲ್ಲಿ ಮೂರು ತಿಂಗಳ ಬೆಳವಣಿಗೆ ಸಣ್ಣ ಮಾತಲ್ಲ. ಗರ್ಭವೋ 11 ತಿಂಗಳು. ವರ್ಷದ ಶುರುವಿಗೇ ಮರಿ ಬೇಕೆಂದರೆ ಹಿಂದಿನ ವರ್ಷ ಹಗಲು ಉದ್ದವಾಗುವ ಮುಂಚೆಯೇ ಗರ್ಭ ಕಟ್ಟಬೇಕು.

ಅದಕ್ಕೇ ಡಿಸೆಂಬರ್ ಶುರುವಿನಿಂದ ಲಾಯದಲ್ಲಿ ದೀಪ. ಹಗಲೂ ದೀಪವೂ ಸೇರಿ 16 ಗಂಟೆ ಬೆಳಕು. ಎಷ್ಟು ಬೆಳಕು? ಲಾಯದ ಯಾವ ಮೂಲೆಯಲ್ಲಿ ನಿಂತರೂ ಪೇಪರ್ ಓದಲು ಬಂದರೆ ಸಾಕು. ಸಂಜೆಯ ಕಡೆಗೇ ಸೇರಿಸಬೇಕು. ರಾತ್ರಿಯಿಡೀ ಉರಿಸಿದರೆ ಪ್ರಯೋಜನವಿಲ್ಲ, ಕುದುರೆಗೆ ಕತ್ತಲೂ ಬೇಕು. ಎರಡು, ಎರಡೂವರೆ ತಿಂಗಳಲ್ಲಿ ಬೆದೆ ಶುರುವಾಗುತ್ತದೆ. ಸೂಜಿಯಿಲ್ಲ, ಮದ್ದಿಲ್ಲ. ಇದಕ್ಕಿಂತ ಮೆತ್ತನೆಯ ದಾರಿ ನನಗಂತೂ ಕಾಣದು.

ವಿರೋಧ

ಆ ದೀಪದ ಕೆಳಗೆ ನಿಂತ ಕುದುರೆಯ ಮೈಮೇಲೆ ಒಮ್ಮೆ ಕೈಯಾಡಿಸಿ. ಚಳಿಗೆಂದು ಬೆಳೆದ ದಪ್ಪ ಕೂದಲು ಹಿಡಿಹಿಡಿ ಕೈಗೆ ಬರುತ್ತದೆ. ಬೆದೆಗೆ ತರುವ ಬೆಳಕೇ ಕೂದಲನ್ನೂ ಉದುರಿಸುತ್ತದೆ. ಹೊರಗೆ ಇನ್ನೂ ಕೊರೆಯುವ ಚಳಿ. ಮೈಗೆ ಮಾತ್ರ ಬೇಸಿಗೆ ಬಂದಂತೆ. ಆಮೇಲೆ ಕಂಬಳಿ ಹುಡುಕಬೇಕು. ಇದು ಮೆತ್ತನೆಯ ದಾರಿಯೇ?

ಕುದುರೆಯ ಲೆಕ್ಕ ಸರಿಯಾಗಿಯೇ ಇದೆ. ಬೇಸಿಗೆಯಲ್ಲಿ ಗರ್ಭ ಕಟ್ಟಿದರೆ 11 ತಿಂಗಳಿಗೆ, ಹೊಸ ಹುಲ್ಲು ಚಿಗುರುವಾಗ, ಮರಿ. ತಾಯಿಗೆ ಮೇವು, ಮರಿಗೆ ಹಾಲು. ಚಳಿದೇಶದ ಕುರಿ ನೋಡಿ, ಪೂರಾ ಉಲ್ಟಾ. ಅದರ ಗರ್ಭ ಐದೇ ತಿಂಗಳು, ಹಾಗಾಗಿ ಹಗಲು ಕುಗ್ಗುವಾಗ ಬೆದೆಗೆ ಬರುತ್ತದೆ. ಮರಿ ಹುಟ್ಟುವುದು ಮಾತ್ರ ಅದೇ ಹುಲ್ಲಿನ ಕಾಲಕ್ಕೆ. ಎರಡೂ ಪ್ರಾಣಿ ರಾತ್ರಿಯ ಉದ್ದ ಅಳೆದೇ ಇದನ್ನು ಸಾಧಿಸುತ್ತವೆ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಬೆರಗು. ದೀಪ ಹಚ್ಚಿ ಆ ಅಳತೆ ಕೆಡಿಸಿದರೆ ಮರಿ ಬೀಳುವುದು ಹುಲ್ಲಿಲ್ಲದ, ಹೆಪ್ಪುಗಟ್ಟಿದ ನೆಲದ ಕಾಲದಲ್ಲಿ.

ಇಷ್ಟೆಲ್ಲ ಒಂದು ತಾರೀಕಿಗಾಗಿ. ಬ್ರಿಟನ್ನಿನಲ್ಲಿ ಹಿಂದೆ ಪಂದ್ಯದ ಕುದುರೆಗಳ ಹುಟ್ಟುಹಬ್ಬ ಮೇ 1 ಇತ್ತು. ಅದನ್ನು ಜನವರಿಗೆ ತಂದವರು ಮನುಷ್ಯರೇ. ತಂದದ್ದನ್ನು ವಾಪಸ್ ಒಯ್ಯಲೂ ಬರುತ್ತದೆ, ಅಲ್ವಾ? ಮತ್ತೆ ಮೇ 1 ಆಗಲಿ. ಲಾಯದ ದೀಪ ಸಂಜೆಗೇ ಆರಿಸಬಹುದು.