ಮೂರು ಸೀಲ್ ಹಾಕಿದ್ರಂತ, ಬ್ರೀದರ್ ಮಾತ್ರ ಯಾರೂ ಮುಟ್ಟಿಲ್ಲ!

ಈಗರ ಅಮರಗೋಳ ಎಪಿಎಂಸಿ ಗೇಟಿನ ಹೊರಗ ಒಂದು ಪಿಕಪ್ ನೋಡಿ ಬಂದೆ. ಹಿಂದಿನ ಎಡಗಾಲಿ ಒಳಮೈ ತುಂಬ ಎಣ್ಣಿ, ಅದರ ಮ್ಯಾಲ ಎರಿ ಮಣ್ಣು ಮೆತ್ತಿ ಹೋಳಿಗಿ ಕಣಕ ಆಗೇತಿ. "ಇದು ಮೂರನೇ ಸೀಲ್ ರೀ, ಈಗ ಹೌಸಿಂಗೇ ಹೋಗೇತಿ ಅಂತಾನ ಮಿಸ್ತ್ರಿ" ಅಂದ ಡ್ರೈವರ್. ಸೀಲ್ ಅಂದ್ರ ಗಾಲಿ ಕಡೆ ಎಣ್ಣಿ ಹೊರಗ ಬರದಂಗ ತಡಿಯೋ ರಬ್ಬರ್ ತುಟಿಯ ಬಳಿ, ಹೌಸಿಂಗ್ ಅಂದ್ರ ಹಿಂದಿನ ಆಕ್ಸಲ್ ಮುಚ್ಚಿರೋ ಕಬ್ಬಿಣದ ಕವಚ. ಬಗ್ಗಿ ನೋಡಿದ್ರ ಹೌಸಿಂಗ್ ಮ್ಯಾಲಿನ ಬ್ರೀದರ್ (ಒಳಗಿನ ಗಾಳಿ ಹೊರಗ ಬಿಡೋ ಸಣ್ಣ ಮುಚ್ಚಳ) ಮಣ್ಣಿನ ಉಂಡಿ ಆಗಿ ಕುಂತೈತಿ. ನೂರರ ಲೆಕ್ಕದಾಗ ಮುಗಿಯೋ ಕೆಲಸಕ್ಕ ಹೌಸಿಂಗ್ ಬದಲಿ ಮಾಡ್ಸಂತ!

ಲೋಡ್ ಹೇರಿ ಓಡಿದಾಗ ಡಿಫರೆನ್ಶಿಯಲ್ (ಹೌಸಿಂಗ್ ಒಳಗ ಹಿಂದಿನ ಗಾಲಿಗೆ ಶಕ್ತಿ ಹಂಚೋ ಗೇರು) ಕಾಯತೈತಿ, ಒಳಗಿನ ಗಾಳಿ ಉಬ್ಬತೈತಿ. ಅದು ಹೊರಗ ಹೋಗಾಕ ಇರೋದು ಆ ಒಂದ ತೂತು. ಅದು ಮುಚ್ಚಿದ್ರ ಗಾಳಿ ಸೀಲಿನ ತುಟಿ ದೂಡಿ ಎಣ್ಣೀನೂ ಕರ್ಕೊಂಡು ಹೊರಗ ಬರತೈತಿ. ಬಂಗಾರದ ಸೀಲ್ ಹಾಕಿದ್ರೂ ಅಷ್ಟ. ನವಲಗುಂದ ಕಡೆಯವ್ರು ಕಾದ ಗಾಡಿ ಬೆಣ್ಣಿಹಳ್ಳದ ನೀರಿಗೆ ಇಳಿಸಿದ್ರ ಇದರ ಉಲ್ಟಾ: ಗಾಳಿ ತಣ್ಣಗಾಗಿ ಕುಗ್ಗಿ, ಸೀಲಿನ ಸಂದಿಂದ ನೀರು ಜಗ್ಗಕೋತೈತಿ. ಡಿಫರೆನ್ಶಿಯಲ್ ಎಣ್ಣಿ ಹಾಲಿನ ಚಹಾದಂಗ ಕಂಡ್ರ ನೀರು ಹೊಕ್ಕೈತಿ ಅಂತ ತಿಳೀರಿ, ಪೂರಾ ಬದಲಿ ಮಾಡ್ರಿ. ಬ್ರೀದರ್ ಬಿಚ್ಚಿ ಡೀಸೆಲ್‌ನ್ಯಾಗ ತೊಳೀರಿ. ಚೂಡಿ (ಥ್ರೆಡ್) ಇರೋ ಕಡೆಯಿಂದ ಊದಿದ್ರ ಗಾಳಿ ಪಾರಾಗಬೇಕು. ಆಗ್ಲಿಲ್ಲ ಅಂದ್ರ ಹೊಸಾದು ಹಾಕ್ರಿ.

ಇನ್ನ ಸೋರೋದು ಏನಂತ ಮೊದ್ಲ ಖಾತ್ರಿ ಮಾಡ್ಕೋರಿ. ಬ್ರೇಕ್ ವೀಲ್ ಸಿಲಿಂಡರ್ ಸೋರಿದ್ರೂ ಡ್ರಮ್ಮು ಹಸೀನ ಆಗತೈತಿ. ಒಂದು ಹನಿ ನೀರಿಗೆ ಬಿಡ್ರಿ. ಗೇರ್ ಎಣ್ಣಿ ತೇಲತೈತಿ, ಗಂಧಕದ ಗಬ್ಬು ವಾಸನಿ. ಬ್ರೇಕ್ ಆಯಿಲ್ ನೀರಾಗ ಬೆರೀತೈತಿ. ಎಣ್ಣಿ ಹೆಚ್ಚಾದ್ರೂ ಸೋರತೈತಿ. ಗಾಡಿ ಸಪಾಟ ನೆಲದಾಗ ನಿಲ್ಲಿಸಿ ಫಿಲ್ಲರ್ ಪ್ಲಗ್ ಬಿಚ್ರಿ. ತೂತಿನ ಕೆಳದಂಡಿ ಮಟ್ಟಕ್ಕ ಇರಬೇಕು, ಅಷ್ಟ. "ಇರಲಿ ಬಿಡ್ರಿ, ಒಂದೀಟು ಜಾಸ್ತಿ ಹಾಕೂಣು" ಅನ್ನೋ ಉದಾರಿಗಳ ಕೈಯಾಗ ಕ್ಯಾನ್ ಕೊಡಬ್ಯಾಡ್ರಿ.

ಸೀಲ್ ಬದಲಿ ಮಾಡೋದ ಆದ್ರ ಸೋರೋ ಕಡೀನ ಜಾಕ್ ಹಚ್ರಿ, ಸ್ಟ್ಯಾಂಡ್ ಇಡ್ರಿ, ಮುಂದಿನ ಗಾಲಿಗೆ ಕಲ್ಲು ಕೊಡ್ರಿ. ಒಂದು ಕಡೆ ಎತ್ತಿದ್ರ ಎಣ್ಣಿ ಇನ್ನೊಂದು ಕಡೆ ಹೋಗತೈತಿ, ಪೂರಾ ಖಾಲಿ ಮಾಡೋ ಖರ್ಚು ಉಳೀತೈತಿ. ಫುಲ್ ಫ್ಲೋಟಿಂಗ್ (ಗಾಡಿ ಭಾರ ಶಾಫ್ಟ್ ಮ್ಯಾಲ ಬೀಳದ ಆಕ್ಸಲ್) ಇದ್ರ ನಡುವಿನ ಬೋಲ್ಟ್ ಬಿಚ್ಚಿ ಗಾಲಿ ತಿರುಗಿಸೋ ಶಾಫ್ಟ್ ಜಗ್ಗಿದ ಮ್ಯಾಲ ಹಬ್ ತಗೀಬೇಕು, ಸೀಲ್ ಹಬ್ಬಿನ ಒಳಗಡೆ ಇರತೈತಿ. ಸೆಮಿ ಫ್ಲೋಟಿಂಗ್ (ಭಾರಾನೂ ಶಾಫ್ಟೇ ಹೊರೋ ಆಕ್ಸಲ್) ಇದ್ರ ಡ್ರಮ್ ತಗದು ರಿಟೇನರ್ ನಟ್ ಬಿಚ್ಚಿ, ಸ್ಲೈಡ್ ಹ್ಯಾಮರಿಂದ (ಜಾರೋ ತೂಕದ ಹೊಡತದಿಂದ ಜಗ್ಗೋ ಹತ್ಯಾರ) ಶಾಫ್ಟ್ ಜಗ್ಗಬೇಕು. ಬೇರಿಂಗ್ ಕರಕರ ಅಂದ್ರ, ಶಾಫ್ಟ್ ಮ್ಯಾಲ ಕೆಳಗ ಆಡಿದ್ರ ಅದನ್ನೂ ಬದಲಿ ಮಾಡ್ರಿ. ಬೇರಿಂಗ್ ಹಿಡಿಯೋ ಕಾಲರ್ ಬಿಚ್ಚಿದ್ರ ಮತ್ತ ಅದ್ನ ಹಾಕಬ್ಯಾಡ್ರಿ. ಹೊಸಾದನ್ನ ಪ್ರೆಸ್‌ನ್ಯಾಗ ಕೂಡಿಸ್ಬೇಕು, ಸುತ್ತಿಗಿಲೆ ಅಲ್ಲ.

ಸೀಲಿನ ಮ್ಯಾಲ ಮೂರು ಅಂಕಿ ಇರತಾವ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲಾ ಮಿಲಿಮೀಟರ್‌ನ್ಯಾಗ. ಹಳೇದನ್ನ ಅಂಗಡಿಗೆ ತಗೊಂಡು ಹೋಗ್ರಿ. ತುಟಿ ಹಿಂದಿನ ಸ್ಪ್ರಿಂಗ್ ಇರೋ ಕಡೆ ಎಣ್ಣಿ ಕಡೀಗೆ ಬರಬೇಕು. ತುಟಿಗೆ ಗೇರ್ ಎಣ್ಣಿ ಸವರ್ರಿ, ಸೀಲಿನ ಹೊರಗಿನ ಅಂಚಿಗೆ ಹೊಂದೋ ಪೈಪ್ ತುಂಡು ಇಟ್ಟು ನೆಟ್ಟಗ ತಟ್ರಿ. ಸ್ಕ್ರೂಡ್ರೈವರ್ ಇಟ್ಟು ಒಂದು ಮೂಲಿ ಹೊಡೆಯೋ ಮಹಾನುಭಾವರಿಗೆ ದೊಡ್ಡ ನಮಸ್ಕಾರ.

ಶಾಫ್ಟ್ ಮ್ಯಾಲ ತುಟಿ ತಿಂದು ಗೆರಿ ಬಿದ್ದೈತೇನು, ಉಗುರು ಆಡಿಸಿ ನೋಡ್ರಿ. ಉಗುರು ಸಿಕ್ರ ಹೊಸ ಸೀಲ್ ಅಲ್ಲೇ ಕೂಡಬಾರದು. ಜಾಗ ಇದ್ರ 1–2 ಮಿ.ಮೀ. ಹಿಂದ ಮುಂದ ಕೂಡಿಸ್ರಿ, ಇಲ್ಲಂದ್ರ ತೆಳು ರಿಪೇರಿ ಸ್ಲೀವ್ ಹಾಕ್ಸ್ರಿ. ಶಾಫ್ಟ್ ಬದಲಿ ಮಾಡ್ಸೋದಕ್ಕ ಹೋಲಿಸಿದ್ರ ಸ್ಲೀವ್ ಖರ್ಚು ಖರ್ಚೇ ಅಲ್ಲ.

"ಅಷ್ಟೆಲ್ಲಾ ನೋಡಾಕ ಟೈಮ್ ಎಲ್ಲೈತ್ರೀ, ಬ್ಯಾಡಗಿ ಮೆಣಸಿನಕಾಯಿ ಸೀಸನ್, ಗಾಡಿ ಅರ್ಧ ದಿನ ನಿಂತ್ರ ಬಾಡಿಗಿ ಹೋಗತೈತಿ" ಅಂತೀರಿ. ಹೌದು, ಹೋಗತೈತಿ. ಮೂರು ಸಲ ಸೀಲ್ ಹಾಕಿಸ್ಕೊಂಡು ನಿಂತದ್ದು ಎಷ್ಟು ದಿನ ಆತು, ಅದನ್ನೂ ಕೂಡ್ಸ್ರಿ. ಬ್ರೀದರ್ ನೋಡಾಕ ಹತ್ತೋದು ಒಂದು ಬೀಡಿ ಸೇದೋವಷ್ಟು ಹೊತ್ತು. ನಿಜ ಹೇಳ್ತೇನಿ, ಒಂದು ಕಾಲಕ್ಕ ನಾನೂ ಸೀಲಿಗೇ ಬೈತಿದ್ದೆ.

ಒಂದರಾಗ ಮಾತ್ರ ರೊಕ್ಕ ಉಳಿಸಾಕ ಹೋಗಬ್ಯಾಡ್ರಿ. ಎಣ್ಣಿ ಕುಡಿದ ಬ್ರೇಕ್ ಲೈನಿಂಗ್ ಪೆಟ್ರೋಲಿನ್ಯಾಗ ತೊಳದು, ಸುಟ್ಟು ಮತ್ತ ಹಾಕ್ತಾರ. ಒಳಗ ಇಂಗಿದ್ದ ಎಣ್ಣಿ ಕಾದಾಗ ಮತ್ತ ಮ್ಯಾಲ ಬರತೈತಿ, ಬ್ರೇಕ್ ಒತ್ತಿದ್ರ ಗಾಡಿ ಒಂದು ಕಡೀಗೆ ಎಳೀತೈತಿ. ಶೂ ಎರಡೂ ಕಡೆ ಜೋಡೀಲೆ ಹೊಸಾವು ಹಾಕ್ರಿ. ಡ್ರಮ್ ಬ್ರೇಕ್ ಕ್ಲೀನರಿಂದ ಒರಸ್ರಿ.

ಎಲ್ಲಾ ಮುಗದ ಮ್ಯಾಲ ಗಾಡಿ ಸಪಾಟ ಇಳಿಸಿ ಎಣ್ಣಿ ಲೆವೆಲ್ ಮತ್ತ ನೋಡ್ರಿ. ನಾಕು ಲೋಡ್ ಹೊಡದ ಮ್ಯಾಲ ಬ್ರೇಕ್ ಪ್ಲೇಟಿನ ಕೆಳಗ ಒಣ ಬಟ್ಟಿಲೆ ಒರಸ್ರಿ. ಬಟ್ಟಿ ಹಸಿ ಆತಂದ್ರ ಮಿಸ್ತ್ರಿಗೆ ಫೋನ್ ಹಚ್ಚೋಕ್ಕಿಂತ ಮೊದ್ಲ ಹೌಸಿಂಗ್ ಮ್ಯಾಲ ಒಂದ್ಸಲ ಕೈ ಆಡಿಸ್ರಿ.