ತೋಟದ ನಡುವಿನ ಪಾತಿ ಯಾರಿಗೆ?

ಸಿಯಾಟಲ್ ನಗರದ ಸಮುದಾಯ ತೋಟಗಳಿಗೆ ಇಲ್ಲಿ ಪೀ-ಪ್ಯಾಚ್ ಎಂದು ಹೆಸರು. ನಗರಾಡಳಿತದ ಉಸ್ತುವಾರಿಯಲ್ಲಿರುವ ಇಂಥ ತೋಟಗಳು ಈಗ ತೊಂಬತ್ತರ ಆಸುಪಾಸಿನಲ್ಲಿವೆ. ಒಂದು ಪಾತಿ ಹಿಡಿದು ಮನೆಗೆ ಬೇಕಾದ ಟೊಮೇಟೊ, ಬೀನ್ಸ್ ಬೆಳೆದುಕೊಳ್ಳುವ ಜಾಗವೆಂದೇ ಇಲ್ಲಿನ ನಮ್ಮ ಕನ್ನಡ ಬಳಗದ ಹೆಚ್ಚಿನವರು ಇವನ್ನು ಬಲ್ಲರು. ಆದರೆ ಇವು ಹುಟ್ಟಿದ್ದು ಬೇರೆಯ ಉದ್ದೇಶಕ್ಕೆ. 1970ರ ಆಸುಪಾಸಿನಲ್ಲಿ ಬೋಯಿಂಗ್ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದು ಊರಿಗೆ ಊರೇ ಕಂಗೆಟ್ಟಿದ್ದಾಗ, ಡಾರ್ಲಿನ್ ರಂಡ್‌ಬರ್ಗ್ ಎಂಬ ವಿದ್ಯಾರ್ಥಿನಿ ಇಟಲಿ ಮೂಲದ ಪಿಕಾರ್ಡೊ ಕುಟುಂಬದ ಜಮೀನಿನಲ್ಲಿ ಶಾಲಾ ಮಕ್ಕಳ ಕೈಯಿಂದ ತರಕಾರಿ ಬೆಳೆಸಿ, ಹಸಿದವರಿಗೆ ಆಹಾರ ಹಂಚುತ್ತಿದ್ದ 'ನೇಬರ್ಸ್ ಇನ್ ನೀಡ್'ಗೆ ಕೊಡಿಸುವ ಯೋಜನೆ ಹಾಕಿದರು. ನಡುವಿನ ದೊಡ್ಡ ಜಾಗವೆಲ್ಲ ದಾನದ ಬೆಳೆಗೆ. ದುಡಿಯಲು ಬಂದ ಕುಟುಂಬಗಳಿಗೆ ಅಂಚಿನ ಸಣ್ಣ ಪಾತಿಗಳು. 1973ರಲ್ಲಿ ನಗರವು ಇದನ್ನು ತನ್ನ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು.

ಇಲ್ಲದವರಿಗೆ ಉಚಿತವಾಗಿ ಆಹಾರ ಹಂಚುವ ಫುಡ್ ಬ್ಯಾಂಕಿಗಾಗಿ ಬೆಳೆಯುವ ಪಾತಿಗಳಲ್ಲಿ ಸ್ವಯಂಸೇವೆ ಮಾಡುತ್ತಾ ಬಂದಿರುವ ನನಗೆ ಆ ಮೊದಲ ನಕ್ಷೆಯೇ ಸರಿಯೆನ್ನಿಸುತ್ತದೆ. ನಮ್ಮ ಅಡುಗೆಮನೆಗೆ ಹೆಚ್ಚಾದದ್ದನ್ನು ಕೊಡುವುದು ಒಂದು ರೀತಿ, ಇನ್ನೊಬ್ಬರ ಅಡುಗೆಮನೆಯನ್ನು ನೆನೆದು ಬೀಜ ಹಾಕುವುದು ಇನ್ನೊಂದು ರೀತಿ. ಆಗಸ್ಟ್ ಬಂತೆಂದರೆ ಎಲ್ಲ ತೋಟಗಳಲ್ಲೂ ಜುಕಿನಿ ಸೊಕ್ಕಿ ಬೆಳೆದು ಮೊಳಕೈಯುದ್ದವಾಗುತ್ತದೆ. ಎಲ್ಲರೂ ಒಂದೇ ವಾರ ಅದನ್ನೇ ತಂದು ಸುರಿಯುತ್ತಾರೆ. ಬಲಿತು ಬೀಜ ಗಟ್ಟಿಯಾದ ಆ ಕಾಯಿಯನ್ನು ನಾವೇ ತಿನ್ನುವುದಿಲ್ಲ ಎಂದಮೇಲೆ ಸರದಿಯಲ್ಲಿ ನಿಂತ ತಾಯಿಯೊಬ್ಬಳ ಚೀಲಕ್ಕೆ ಹಾಕುವುದು ಯಾವ ನ್ಯಾಯ?

ಈ ಊರಿನಲ್ಲಿ ಆ ಸರದಿಯಲ್ಲಿ ನಿಲ್ಲುವವರು ಇಥಿಯೋಪಿಯಾ, ಸೊಮಾಲಿಯಾ, ವಿಯೆಟ್ನಾಂ, ಮೆಕ್ಸಿಕೋ, ಚೀನಾ ಹೀಗೆ ಹಲವು ನೆಲಗಳಿಂದ ಬಂದವರು. ಅವರ ಅಡುಗೆಗೆ ಬೇಕಾದದ್ದು ಕೊತ್ತಂಬರಿ, ಖಾರದ ಮೆಣಸಿನಕಾಯಿ, ಈರುಳ್ಳಿ, ಬಾಕ್ ಚಾಯ್, ಕಾಲರ್ಡ್ ಸೊಪ್ಪು. ಕೊತ್ತಂಬರಿಯನ್ನು ಮೇ ತಿಂಗಳಲ್ಲಿ ಒಮ್ಮೆ ಬಿತ್ತಿ ಸುಮ್ಮನಿರುವಂತಿಲ್ಲ; ಇಲ್ಲಿನ ದೀರ್ಘ ಹಗಲಿಗೆ ಅದು ಬೇಗ ಹೂಕಟ್ಟುವುದರಿಂದ ಎರಡು ಮೂರು ವಾರಕ್ಕೊಮ್ಮೆ ಹೊಸ ಸಾಲು ಬಿತ್ತುತ್ತಿರಬೇಕು. ಸೊಪ್ಪನ್ನು ಹಂಚಿಕೆಯ ದಿನವೇ, ಬಿಸಿಲೇರುವ ಮುನ್ನ ಕೊಯ್ದು, ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ನೀರಿಳಿಸಿ, ಕಟ್ಟು ಕಟ್ಟಿ ಕಳಿಸಬೇಕು. ನಡುಹಗಲಿನಲ್ಲಿ ಕೊಯ್ದದ್ದು ಫುಡ್ ಬ್ಯಾಂಕಿನ ಮೇಜು ಸೇರುವ ಮೊದಲೇ ಬಾಡಿರುತ್ತದೆ, ಮತ್ತು ಬಾಡಿದ್ದನ್ನು ಎತ್ತಿಕೊಳ್ಳುವಾಗ ಮನುಷ್ಯರಿಗೆ ತಾವು ಯಾವ ಸ್ಥಿತಿಯಲ್ಲಿದ್ದೇವೆ ಎಂಬುದು ಮತ್ತೊಮ್ಮೆ ನೆನಪಾಗುತ್ತದೆ. ಡಬ್ಬಿಯ ಆಹಾರ, ಪಾಸ್ತಾ, ಅಕ್ಕಿಗಳನ್ನು ತಿಂಗಳುಗಟ್ಟಲೆ ಇಡಬಹುದು. ಎಳೆಯ ಸೊಪ್ಪನ್ನು ಹಾಗೆ ಇಡಲಾಗದು. ಪಕ್ಕದ ತೋಟ ನಿಜವಾಗಿ ನೆರವಾಗುವುದು ಇಲ್ಲೇ. ಹರಿವೆ, ಮೆಂತ್ಯ, ದಂಟುಗಳ ನಡುವೆ ಬೆಳೆದು ಬಂದ ನಮ್ಮವರಿಗೆ ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಸಂಘಗಳ ಗೆಳೆಯರನ್ನು ಈ ಕೆಲಸಕ್ಕೆ ನಾನು ಮತ್ತೆ ಮತ್ತೆ ಕರೆಯುವುದು ಅದಕ್ಕಾಗಿಯೇ.

ತೋಟದಿಂದ ಹಸಿವು ನೀಗುತ್ತದೆಯೇ ಎಂದು ಕೇಳುವವರಿದ್ದಾರೆ. ನೀಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ 2023ರಲ್ಲಿ ಈ ದೇಶದ ನೂರಕ್ಕೆ 13.5ರಷ್ಟು ಕುಟುಂಬಗಳಿಗೆ ಆಹಾರದ ಭದ್ರತೆ ಇರಲಿಲ್ಲ. ತಮ್ಮ ಜಾಲ ಒಂದು ಊಟ ಒದಗಿಸಿದರೆ ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ನೆರವು ಒಂಬತ್ತು ಊಟ ಒದಗಿಸುತ್ತದೆ ಎಂದು ಫುಡ್ ಬ್ಯಾಂಕುಗಳ ಒಕ್ಕೂಟವಾದ ಫೀಡಿಂಗ್ ಅಮೆರಿಕವೇ ಹೇಳುತ್ತದೆ. ಹಾಗಾಗಿ ಸ್ನ್ಯಾಪ್ ಕಡಿತವಾಗುವಾಗ ಸುಮ್ಮನಿದ್ದು ತೋಟದಲ್ಲಿ ಮಾತ್ರ ಬೆವರು ಹರಿಸುವುದು ಸಾಲದು. ಮತ ಇರುವವರು ಮತದಿಂದಲೂ ಮಾತನಾಡಬೇಕು. ಆದರೆ ಕಾನೂನು ಬದಲಾಗುವವರೆಗೆ ಈ ವಾರದ ಸರದಿ ಕಾಯಲಾರದು.

ಇನ್ನೊಂದು ವಿಷಯವನ್ನು ನೇರವಾಗಿಯೇ ಹೇಳುತ್ತೇನೆ. ಮೇ ತಿಂಗಳಲ್ಲಿ ಸಸಿ ನೆಡಲು, ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಬರುತ್ತಾರೆ. ಕಳೆ, ನೀರು, ಕೊಯ್ಲು, ತೊಳೆಯುವ ಕೆಲಸಗಳು ಒಟ್ಟಿಗೇ ಮೇಲೆ ಬೀಳುವ ಜುಲೈ, ಆಗಸ್ಟ್‌ಗಳಲ್ಲಿ ಹೆಚ್ಚಿನವರು ಪ್ರವಾಸದಲ್ಲಿರುತ್ತಾರೆ. ಕೈ ಬೇಕಾಗುವುದು ಆಗ. ಬೇಸಿಗೆಗೆ ಬರಲಾಗದವರು ಅಕ್ಟೋಬರ್‌ಗೆ ಬನ್ನಿ: ಬೆಳ್ಳುಳ್ಳಿ ಊರಬೇಕು, ಕೇಲ್ ಪಾತಿಗಳಿಗೆ ಎಲೆಗೊಬ್ಬರ ಹೊದಿಸಬೇಕು. ಆಗ ಊರಿದ ಬೆಳ್ಳುಳ್ಳಿ ಮುಂದಿನ ಜುಲೈಗೆ ಫುಡ್ ಬ್ಯಾಂಕ್ ತಲುಪುತ್ತದೆ.