ಕಟಾನ್ ಬೇರೆ, ಟಿಕೆಟ್ ಟು ರೈಡ್ ಬೇರೆ

ಕಟಾನ್, ಟಿಕೆಟ್ ಟು ರೈಡ್ ಎರಡೂ ಹೆಚ್ಚುಕಡಿಮೆ ಒಂದೇ ಥರದ ಆಟ, ಯಾವುದರಿಂದ ಶುರು ಮಾಡಿದರೂ ನಡೆಯುತ್ತದೆ ಅಂತ ಬೋರ್ಡ್ ಗೇಮ್‌ಗಳ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ಒಪ್ಪೋದು ಕಷ್ಟ. ಕಲಿಯೋಕೆ ಎರಡೂ ಸುಲಭ, ನಿಜ. ಆಡುವಾಗಿನ ಅನುಭವ ಮಾತ್ರ ಪೂರ್ತಿ ಬೇರೆ.

ಕಟಾನ್ (1995) ಬಾಯಿ ಇದ್ದವರ ಆಟ. "ಒಂದು ಇಟ್ಟಿಗೆ ಕೊಡು, ಎರಡು ಕುರಿ ಕೊಡ್ತೀನಿ" ಅಂತ ಕಾರ್ಡ್‌ಗಳ ಚೌಕಾಸಿ ನಡೀತಾನೇ ಇರಬೇಕು. ಕೈಯಲ್ಲಿ ಎಂಟು ಕಾರ್ಡ್ ಹಿಡಿದು, ಮುಂದಿನ ಸರದಿಗೆ ನಗರ ಕಟ್ಟೋಣ ಅಂತ ಕೂತಿರುತ್ತೇವೆ, ಅಷ್ಟರಲ್ಲಿ ಯಾರೋ ದಾಳ ಹಾಕಿ 7 ಬೀಳುತ್ತದೆ. 7 ಬಿದ್ದರೆ ಕೈಯಲ್ಲಿ ಜಾಸ್ತಿ ಕಾರ್ಡ್ ಇದ್ದವರು ಅರ್ಧ ಬಿಟ್ಟುಕೊಡಬೇಕು, ನಾಲ್ಕು ಕಾರ್ಡ್ ಹೋಯ್ತು. ಆ ಹೊಟ್ಟೆಯುರಿ ಆಟ ಮುಗಿಯುವವರೆಗೂ ಇಳಿಯಲ್ಲ.

ಟಿಕೆಟ್ ಟು ರೈಡ್ (2004) ರೈಲು ದಾರಿ ಹಿಡಿಯುವ ಆಟ, ಇದರಲ್ಲಿ ದಾಳವೇ ಇಲ್ಲ. ಸುಮ್ನೆ ಕಾರ್ಡ್ ಎತ್ತಿಕೊಳ್ಳುತ್ತಾ ಇರುತ್ತೀರಿ, ನೋಡುವವರಿಗೆ ಏನೂ ನಡೀತಿಲ್ಲ ಅನ್ನಿಸುತ್ತದೆ. ಒಳಗೆ ಮಾತ್ರ ಢವಢವ. ನಮಗೆ ಬೇಕಾದ ಆ ಎರಡೇ ಬೋಗಿಯ ಪುಟ್ಟ ದಾರಿಯನ್ನು ಬೇರೆಯವರು ಹಿಡಿದುಬಿಟ್ಟರೆ ಸುತ್ತಿ ಬಳಸಿ ಹೋಗಬೇಕಲ್ವಾ? ಬಾಯಿಬಿಟ್ಟು ಹೇಳುವಂತಿಲ್ಲ. ಆ ಕಡೆ ಜಾಸ್ತಿ ಹೊತ್ತು ನೋಡಿದರೂ ಗುಟ್ಟು ರಟ್ಟು.

ಬಣ್ಣದ ಬಿಲ್ಲೆ ಜೋಡಿಸುವ ಅಜುಲ್ (2017) "ಶಾಂತವಾದ ಆಟ" ಅಂತ ನೀವು ಅಂದಿದ್ದಕ್ಕೆ ನಗು ಬಂತು. ಬಿಲ್ಲೆಗಳು ಚೆಂದ, ಸರಿ. ಆದರೆ ಸುತ್ತಿನ ಕೊನೆಗೆ ಇಡೋಕೆ ಜಾಗವಿಲ್ಲದ ಐದು ಬಿಲ್ಲೆ ನಿಮ್ಮ ತಲೆಗೆ ಕಟ್ಟಿ, ಅಂಕ ಕಳೆಯುವುದನ್ನು ಎದುರಿನವರು ನಗುತ್ತಾ ನೋಡುತ್ತಾರೆ.

ಪ್ಯಾಂಡೆಮಿಕ್ ಅನ್ನೋ ಆಟದ ಬಗ್ಗೆ ನೀವು ಬರೆದದ್ದು ಸರಿ. ಎಲ್ಲರೂ ಸೇರಿ ಗೆಲ್ಲುವ ಆಟ. ಒಬ್ಬರೇ ಎಲ್ಲರಿಗೂ ಅಪ್ಪಣೆ ಕೊಡೋಕೆ ಶುರು ಮಾಡಿದರೆ ಮಾತ್ರ ಉಳಿದವರು ಗೊಂಬೆಗಳು.